ಕಾರಿನ ಮೇಲೆ ಬಿದ್ದ ಗುಲಾಬಿ

೪ ಜನವರಿ ೨೦೨೧, ಬೆಳಿಗ್ಗೆ

ಯಾರದು ನನ್ನ ದಿನಚರಿ ಪುಸ್ತಕ ತೆರೆದಿರುವುದು? ಕೈ ತೊಳೆದೆಯಾ? ನಾಲ್ಕನೇ ಕ್ಲಾಸಷ್ಟೇ ಓದಿದ ಮುದುಕಿ ಗೀಚಿದ್ದನ್ನು ಕದ್ದು ಓದಲು ನಾಚಿಕೆ ಇಲ್ಲವೇ? ಮುಚ್ಚು.

ಮೊಮ್ಮಗಳು ಗಾನವಿಯ ಮೇಲೇ ಅನುಮಾನ. ಲಾಕ್‌ಡೌನಿನಲ್ಲಿ ಅವಳಿಗೆ ಕನ್ನಡ ಓದಲು ಕಲಿಸಿದವಳು ನಾನೇ... ನನ್ನ ಬುದ್ಧಿಗಿಷ್ಟು.

ಇಡ್ಲಿ ಹಿಟ್ಟು ಹೀಟರಿನ ಪಕ್ಕ. ಇನ್ನೂ ಉಬ್ಬಿಲ್ಲ. ಮೂರು ತಿಂಗಳಿಗೆಂದು ನೆದರ್‌ಲೆಂಡ್ಸಿನ ಈ ಹೂಫ್‌ಡಾರ್ಪ್‌ಗೆ ಬಂದವಳು, ವಿಮಾನ ನಿಂತು ವರ್ಷವಾಗುತ್ತ ಬಂತು. ಸ್ಕೂಲೂ ಮುಚ್ಚಿದೆ. ಗಾನವಿಗೆ ಪ್ರಾಜೆಕ್ಟು — ಹತ್ತು ವರ್ಷದ ಹಿಂದೆ ಅರಬರ ದೇಶಗಳಲ್ಲಿ ಜನ ದಂಗೆ ಎದ್ದಾಗ ಅಮೆರಿಕ ಏನು ಮಾಡಿತು ಎಂದು.

“ಲಿಬಿಯಾಗೆ ಪ್ಲೇನ್ ಕಳಿಸ್ತು ಅಜ್ಜಿ. ಬಹ್ರೇನ್‌ನಲ್ಲಿ ಸುಮ್ನೆ ಇತ್ತು.”

“ಯಾಕಂತೆ?”

“ಅಲ್ಲಿ ಅವ್ರ ನೇವಿ ಬೇಸ್ ಇದೆ.”

ಹಾಗೆ ಹೇಳು. ಹಡಗು ನಿಲ್ಲಿಸಲು ಜಾಗ ಕೊಟ್ಟವನ ಮನೆಯ ಕೂಗು ಕಿವಿಗೆ ಬೀಳುವುದಿಲ್ಲ.

೭ ಜನವರಿ

ಟಿವಿಯಲ್ಲಿ ಅಮೆರಿಕದ ಪಾರ್ಲಿಮೆಂಟಿಗೇ ಜನ ನುಗ್ಗಿದ್ದಾರೆ, ಕಿಟಕಿ ಒಡೆದು. ಇವರ ಮನೆಗೆ ನುಗ್ಗಿದರೆ ದೊಂಬಿ. ಬೇರೆಯವರ ಮನೆಗಾದರೆ ‘ಅರಬ್ ವಸಂತ’ ಎಂದು ಹೆಸರು.

ಪಕ್ಕದ ಮನೆಯ ಹುದಾಗೆ ಹೇಳಿದೆ. ಸಿರಿಯಾದವಳು. ಅವಳ ಬಾಗಿಲಲ್ಲಿ ಅವಳ ಕುರ್ಚಿ, ನಮ್ಮ ಬಾಗಿಲಲ್ಲಿ ನನ್ನದು. ನಡುವೆ ನಿಂತು ಡಚ್ಚನ್ನು ಕನ್ನಡ ಮಾಡುವವಳು ಗಾನವಿ.

ಹುದಾ ನಗಲಿಲ್ಲ. ಅವಳ ಊರು ಹಮಾ. ದಂಗೆಯ ಆ ವರ್ಷ ಜುಲೈನಲ್ಲಿ ಅಮೆರಿಕದ ರಾಯಭಾರಿ ಅಲ್ಲಿಗೆ ಬಂದನಂತೆ. ಜನ ಅವನ ಕಾರಿನ ಮೇಲೆ ಗುಲಾಬಿ ಎಸೆದರಂತೆ. ಇನ್ನು ನಮ್ಮನ್ನು ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯ. ತಿಂಗಳೊಳಗೆ ಅವರದೇ ಸರ್ಕಾರದ ಟ್ಯಾಂಕು ಬಂದವು. ದೊಡ್ಡ ಮಗ ನಿಝಾರನ ಸುಳಿವು ಅಂದಿನಿಂದ ಇಲ್ಲ. ಚಿಕ್ಕವನು ಇಂದಿಗೂ ಅಲ್ಲೇ, ರೊಟ್ಟಿ ಅಂಗಡಿಯಲ್ಲಿ.

“ಹೂವು ಹಾಕಿಸ್ಕೊಂಡ್ನಲ್ಲ, ಕಾರಿನ ಗಾಜು ಇಳಿಸಿದ್ನಾ?” ಎಂದೆ.

“ಅಜ್ಜಿ, ಇದನ್ನ ನಾನು ಟ್ರಾನ್ಸ್‌ಲೇಟ್ ಮಾಡಲ್ಲ.”

೧೨ ಜನವರಿ

ಹುದಾಗೆ ಕೊರೊನಾ. ಆಂಬುಲೆನ್ಸಿನವರು ಕರೆದೊಯ್ಯುವಾಗ ನಮ್ಮ ಬಾಗಿಲಲ್ಲಿ ಒಂದು ಕವರು ಇಟ್ಟಳು. ಬೆರಳು ತುಟಿಯ ಮೇಲೆ ಇಟ್ಟು ತೋರಿಸಿದಳು — ಯಾರಿಗೂ ಬೇಡ. ಅಕ್ಕಿ ಡಬ್ಬಿಯಲ್ಲಿ ಹಾಕಿದೆ.

ಏನಿರಬಹುದು? ಬರೀ ಕಾಗದಕ್ಕೆ ಯಾರಾದರೂ ಇಷ್ಟು ಟೇಪು ಸುತ್ತುತ್ತಾರೆಯೇ?

೧೪ ಜನವರಿ, ಸಂಕ್ರಾಂತಿ

ಬಿಚ್ಚಿದೆ. ಎರಡು ದಿನ ತಡೆದೆ, ಅಷ್ಟೇ.

ಫೋಟೋ. ಬಿಳಿ ಕಾರು, ಮೇಲೆಲ್ಲ ಗುಲಾಬಿ. ನಗುವ ಹುಡುಗನೊಬ್ಬ, ಪಕ್ಕದಲ್ಲಿ ಅವನ ತಮ್ಮ. ಹಿಂದೆ ಅರಬ್ಬಿ ಅಕ್ಷರ. ಏನು ಬರೆದಿದೆ ನೋಡೆಂದು ಗಾನವಿಯನ್ನು ಕರೆದವಳೂ ನಾನೇ. ಅವಳು ಫೋನ್ ಹಿಡಿದಳು. ಅಕ್ಷರ ಓದಿಸಲು ಎಂದುಕೊಂಡೆ. “ನಿಝಾರ್ ಮತ್ತು ಬಿಲಾಲ್” ಅಂತಿದೆ ಎಂದಳು.

ಎಲ್ಲರೂ ಕಾರನ್ನು ನೋಡುತ್ತಿದ್ದಾಗ, ಇವರಿಬ್ಬರ ಮುಖಕ್ಕೆ ಕ್ಯಾಮೆರಾ ಹಿಡಿದವನು ಯಾರು? ಅವನ ಹತ್ತಿರ ಇನ್ನೆಷ್ಟು ಮುಖಗಳಿವೆ?

೨೭ ಜನವರಿ

ಹುದಾ ಉಳಿದಳು. ಸೋಮವಾರ ಮನೆಗೆ. ಸಾರು ಮಾಡಿಕೊಡಬೇಕು.

ಮಧ್ಯಾಹ್ನ ಗಾನವಿಯ ಲ್ಯಾಪ್‌ಟಾಪಿನಲ್ಲಿ ಅದೇ ಬಿಳಿ ಕಾರು ಕಂಡೆ. ಅಂದು ಫೋನ್ ಹಿಡಿದದ್ದು ಅಕ್ಷರ ಓದಿಸಲು ಮಾತ್ರ ಅಲ್ಲ, ಫೋಟೋ ತೆಗೆದುಕೊಳ್ಳಲು.

“ಸ್ಕೂಲ್ ವೆಬ್‌ಸೈಟ್‌ಗೆ ಅಜ್ಜಿ. ಫೆಬ್ರವರಿ ಒಂದಕ್ಕೆ ಹಾಕ್ತಾರೆ. ಅಮೆರಿಕ ಎಂಥ ಮೋಸ ಮಾಡ್ತು ಅಂತ ಜನಕ್ಕೆ ಗೊತ್ತಾಗ್ಲಿ.”

“ಆ ಚಿಕ್ಕವನು ಇನ್ನೂ ಹಮಾದಲ್ಲೇ ಇದಾನೆ ಕಣೇ! ಅಲ್ಲಿನ ಸರ್ಕಾರದವ್ರು ಮುಖ ನೋಡಿದ್ರೆ?”

“ಟೆನ್ ಇಯರ್ಸ್ ಆಯ್ತು. ಯಾರು ನೋಡ್ತಾರೆ?”

“ಅವ್ರೂ ಹಂಗೇ ಅಂದ್ಕೊಂಡು ಗುಲಾಬಿ ಎಸೆದ್ರು.”

ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು.

೨೯ ಜನವರಿ

ಎರಡು ದಿನದಿಂದ ಮಾತಿಲ್ಲ. ಆದರೆ ಈ ಪುಸ್ತಕದ ಮೇಲೆ ಚಿಪ್ಸಿನ ಎಣ್ಣೆ ಗುರುತು. ಓದುತ್ತಿದ್ದೀಯಲ್ಲವೇ? ಸರಿ, ಓದು.

ಮೋಸ ಮಾಡಿದ್ದು ಅಮೆರಿಕ ಮಾತ್ರ ಅಲ್ಲ. ನಂಬಿ ಇಟ್ಟ ಕವರು ಬಿಚ್ಚಿದವಳು ನಾನು. ಟೇಪು ಮತ್ತೆ ಅಂಟಿಸಿದೆ, ಅಂಟುತ್ತಿಲ್ಲ. ಹುದಾಗೆ ಹೇಳುತ್ತೇನೆ, ಬಯ್ಯಲಿ. ಆದರೆ ಬಿಲಾಲನ ಮುಖ ತೆಗೆದೆಯಾ, ಇಲ್ಲವಾ? ಇಲ್ಲೇ, ಈ ಸಾಲಿನ ಕೆಳಗೆ, ಕನ್ನಡದಲ್ಲಿ ಬರೆ. ಫೆಬ್ರವರಿ ಹುಟ್ಟುವ ಮುಂಚೆ ಬರೆ. ಸೋಮವಾರ ಹುದಾ ಬಾಗಿಲು ತಟ್ಟಿದಾಗ ನಾನು ಆ ಉತ್ತರವನ್ನೇ ಅವಳಿಗೆ ಹೇಳಬೇಕು.