ಕಾಶವ್ವನ ಕೈ ಅಡ್ಡ ಬಂದ ವಿಡಿಯೊ

ಏಳುಕೆರೆ ವಸತಿ
ಎರಡನೇ ಬಿತ್ತನೆಯ ತೊಂಬತ್ತನೇ ವರ್ಷ, ಹದಿನಾಲ್ಕನೇ ತಿಂಗಳ ಅಮಾವಾಸ್ಯೆ

ಗದಗಿನ ಖಾನಾವಳಿಯ ಶಿವಲೀಲಾ ಅವರಿಗೆ ಶರಣು.

ತಿಂಗಳು ಹದಿನಾಲ್ಕು ಹೇಗಾದವು ಎಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಲೆಕ್ಕದಲ್ಲಿ ನಾನು ಸುಮಾರು ನಾಲ್ಕು ನೂರು ವರ್ಷ ಮುಂದೆ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಜಾಹೀರಾತುಗಳಿಂದ ಕಲಿತವಳು. ನಡುವೆ ಎಲ್ಲಾದರೂ ಒಂದು ಕೊಂಡರೆ ಒಂದು ಉಚಿತ ಎಂಬ ಧಾಟಿ ನುಸುಳಿದರೆ ಮನ್ನಿಸಬೇಕು. ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನ ಕಾಲಕ್ಕೆ ಹೋಗುವುದು ಅಕ್ಷರ ಮಾತ್ರ. ವಸ್ತು ಹೋಗದು, ಉತ್ತರವೂ ಬಾರದು. ಒಂದು ವಸತಿಗೆ ವರ್ಷಕ್ಕೆ ಒಂದೇ ಹಿಂದೋಲೆ. ನೆಲ, ನೀರು, ಧಾನ್ಯ ಯಾರಿಗೆ ಎಷ್ಟೆಂದು ತೀರ್ಮಾನಿಸುವ ಹಂಚಿಕೆ ಸಭೆಯೇ ಇದನ್ನೂ ತೀರ್ಮಾನಿಸುತ್ತದೆ. ಈ ಸಲ ಗೊಣಗುತ್ತಲೇ ನನಗೆ ಕೊಟ್ಟರು.

ನನ್ನ ಹೆಸರು ಮುಗುಳಿ. ನೆರಳುಗೂಡನ್ನು ಕಾಯುವುದು ನನ್ನ ಕೆಲಸ. ನಿಮ್ಮ ಕಾಲದ ಚಲಿಸುವ ಚಿತ್ರಗಳಲ್ಲಿ ಅಳಿಯದೆ ಉಳಿದವನ್ನು ಅಲ್ಲಿ ಇಟ್ಟಿದ್ದೇವೆ. ದೊಡ್ಡವರ ಭಾಷಣ, ಮದುವೆ, ನಾಟಕ ಎಲ್ಲ ಹಾಳಾಗಿ ಹೋದವು. ಉಳಿದದ್ದು ಸಣ್ಣ ಅಂಗಡಿಗಳ ಜಾಹೀರಾತು. ಯಾಕೆಂದರೆ ಅವನ್ನು ನೀವು ಒಬ್ಬರಿಂದ ಒಬ್ಬರಿಗೆ ಕಳಿಸುತ್ತಲೇ ಇದ್ದಿರಿ, ಬೇಡವೆಂದವರಿಗೂ ಬಿಡಲಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಸಾವಿರಾರು ನಕಲು ಉಳಿದವು.

ಅವುಗಳನ್ನು ನೋಡಿ ನಮ್ಮ ಹಿರಿಯರು ನಿಮ್ಮ ಚರಿತ್ರೆ ಬರೆದರು. ಅದರ ಪ್ರಕಾರ ಉತ್ತರ ಕರ್ನಾಟಕದ ಜನ ಎತ್ತರದವರು, ಹಳದಿ ಕೂದಲಿನವರು, ಬೆಳಗಾದರೆ ಗಾಜಿನ ಕಟ್ಟಡದಲ್ಲಿ ಸೇರಿ ಕೈ ಕುಲುಕುವವರು, ಹಸಿ ಸೊಪ್ಪಿನ ತಟ್ಟೆ ಕಂಡರೆ ಸಾಕು ನಗುವವರು. ಒಬ್ಬ ಗಡ್ಡದವನಂತೂ ರಾಣೆಬೆನ್ನೂರಿನಲ್ಲಿ ಹಲ್ಲಿನ ಡಾಕ್ಟರು, ಹೊಸಪೇಟೆಯಲ್ಲಿ ಸಿಮೆಂಟ್ ಅಂಗಡಿಯ ಮಾಲೀಕ, ಶಿರಸಿಯಲ್ಲಿ ಮದುಮಗ. ಇಷ್ಟು ಊರುಗಳಲ್ಲಿ ಇಷ್ಟು ವ್ಯಾಪಾರವಿದ್ದವನು ದೊರೆಯೇ ಇರಬೇಕೆಂದು ಶಾಲೆಗಳಲ್ಲಿ ಎರಡು ತಲೆಮಾರು ಪಾಠ ಹೇಳಿದರು. ಅವನೊಬ್ಬ ಬಾಡಿಗೆಮುಖ ಎಂದು ಆಮೇಲೆ ಗೊತ್ತಾಯಿತು. ಎಲ್ಲೋ ಒಂದು ಕಡೆ ಯಾರಿಗಾದರೂ ಬೇಕಾದೀತೆಂದು ಮೊದಲೇ ತೆಗೆದಿಟ್ಟ ವಿಡಿಯೊಗಳ ಕಣಜವಿತ್ತು, ನೀವೆಲ್ಲ ಅದರಿಂದ ತುಣುಕು ಆರಿಸಿ ತಂದು ನಿಮ್ಮ ಅಂಗಡಿಯ ಹೆಸರು ಅಂಟಿಸುತ್ತಿದ್ದಿರಿ. ಇದರಲ್ಲಿ ತಪ್ಪೇನಿಲ್ಲ. ಕ್ಯಾಮೆರಾದವರನ್ನು ಕರೆಸಲು ಎಲ್ಲರಿಗೂ ಕೈಲಾಗದು. ದೊರೆಯ ಪಾಠ ಹೋದದ್ದಕ್ಕೆ ನಮ್ಮ ಮಕ್ಕಳಿಗೆ ಸಂತೋಷವೇ ಆಯಿತು.

ರೊಟ್ಟಿಯ ವಿಷಯ ಹಾಗಲ್ಲ.

ಇಲ್ಲಿ ನಾವು ತಿನ್ನುವುದು ಅಚ್ಚುಬಿಲ್ಲೆ. ಕೆರೆಯ ಪಾಚಿಯನ್ನು ಒಣಗಿಸಿ ಒತ್ತಿ ಮಾಡುವ ಚೌಕ ಬಿಲ್ಲೆ. ಹೊಟ್ಟೆ ತುಂಬುತ್ತದೆ, ಅಷ್ಟೇ. ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದು ಈಗಲೂ ಅನ್ನುತ್ತೇವೆ, ಆದರೆ ರೊಟ್ಟಿಯನ್ನೂ ಕಂಡವರಿಲ್ಲ, ತುಪ್ಪವನ್ನೂ ಕಂಡವರಿಲ್ಲ. ಹೀಗಿರುವಾಗ ಮೂರು ಬೆಳೆಗಳ ಹಿಂದೆ ಹಳೆಯ ಕಾಲದವರು ಧಾನ್ಯ ತುಂಬಿಡಲು ನೆಲದೊಳಗೆ ತೋಡಿದ ಒಂದು ಹಗೇವಿನಲ್ಲಿ ಜೋಳ ಸಿಕ್ಕಿತು. ನಮ್ಮ ಕೂಡಡುಗೆ ನೋಡಿಕೊಳ್ಳುವ ಬೆಳವ ಎಂಬಾತ ಅದನ್ನು ಹಟ ಹಿಡಿದು ಬಿತ್ತಿಸಿದ. ಕೂಡಡುಗೆ ಎಂದರೆ ವಸತಿಗೆಲ್ಲ ಒಂದೇ ಒಲೆ. ಬೆಳೆ ಚೆನ್ನಾಗಿಯೇ ಬಂತು. ಆದರೆ ಕುದಿಸಿದ ಕಾಳು ಯಾರ ಗಂಟಲಲ್ಲೂ ಇಳಿಯಲಿಲ್ಲ. ಈ ಸುಗ್ಗಿಯೊಳಗೆ ಜನ ಬೇಡಿ ತಿನ್ನುವಂಥದ್ದೇನಾದರೂ ಆಗದಿದ್ದರೆ ಆ ಹೊಲಕ್ಕೆ ಎಣ್ಣೆಬೀಜ ಹಾಕುವುದೆಂದು ಸಭೆ ಹೇಳಿಬಿಟ್ಟಿದೆ. ಬೀಜ ಇನ್ನೊಂದು ಸಲ ಕಾಯುವಷ್ಟು ಗಟ್ಟಿಯಿಲ್ಲ. ಈಗ ಬಿಟ್ಟರೆ ಜೋಳ ಮುಗಿಯಿತು.

ಆಗ ಗೂಡಿನಲ್ಲಿ ನಿಮ್ಮ ಜಾಹೀರಾತು ಸಿಕ್ಕಿತು. ನಿಮ್ಮ ದನಿ ಅದರಲ್ಲಿದೆ: "ಬಿಸಿ ಬಿಸಿ ಜ್ವಾಳದ ರೊಟ್ಟಿ, ಎಣಗಾಯಿ ಪಲ್ಯ, ಬರ್ರಿ ಉಣ್ಣಾಕ." ದನಿಯ ಹಿಂದೆ ಚಿತ್ರ ನಡೆಯುತ್ತದೆ. ಬಿಳಿ ಟೊಪ್ಪಿಗೆಯ ಒಬ್ಬಾತ ಹಿಟ್ಟನ್ನು ಅಗಲ ಮಾಡಿ ಗಾಳಿಗೆ ಎಸೆಯುತ್ತಾನೆ, ತಿರುತಿರುಗಿ ಬಂದದ್ದನ್ನು ಎರಡು ಕೈಯಲ್ಲಿ ಹಿಡಿಯುತ್ತಾನೆ, ನಗುತ್ತಾನೆ. ಬೆಳವ ಅದನ್ನು ಕಣ್ಣು ಪಿಳುಕಿಸದೆ ನೋಡಿ ಕಲಿತ. ವಸತಿಯವರೆಲ್ಲ ನೆರೆದಿರುವಾಗ ಜೋಳದ ಹಿಟ್ಟು ಕಲಸಿ ಗಾಳಿಗೆ ಎಸೆದ. ಅದು ಮೇಲೆಯೇ ಒಡೆದು ಹಂಚಿಕೆ ಸಭೆಯ ಹಿರಿಯರ ತಲೆಯ ಮೇಲೆ ಉದುರಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬೆಳವ ಆ ದಿನವೆಲ್ಲ ಕೈಯಲ್ಲೇನೋ ದೋಷವಿದೆ ಎಂಬಂತೆ ಬೆರಳು ನೋಡಿಕೊಳ್ಳುತ್ತ ಕುಳಿತಿದ್ದ.

ನಾನು ಮತ್ತೆ ಗೂಡು ಕೆದಕಿದೆ. ಜಾಹೀರಾತಿನ ಜೊತೆಗೇ ನಿಮ್ಮ ಹುಡುಕಾಟದ ಕುರುಹೂ ಉಳಿದಿತ್ತು. ನೀವು ಆ ಕಣಜದಲ್ಲಿ ಮೊದಲು ಕೇಳಿದ್ದು ಜೋಳದ ರೊಟ್ಟಿ. ಸಿಗಲಿಲ್ಲ. ಬರೀ ರೊಟ್ಟಿ ಎಂದು ಕೇಳಿದಿರಿ, ಗೋಧಿಯ ಚಪಾತಿ ತೋರಿಸಿತು. ಹಳ್ಳಿಯ ಅಡುಗೆ ಎಂದಿರಿ, ಹೊಸ ಸೀರೆಯ ಹುಡುಗಿಯೊಬ್ಬಳು ಖಾಲಿ ಮಡಕೆಯಲ್ಲಿ ಸೌಟು ತಿರುಗಿಸಿದಳು. ಕೊನೆಗೆ ಬೇಸತ್ತು ಹಿಟ್ಟು ಎಂದಷ್ಟೇ ಕೇಳಿದಿರಿ. ಬಿಳಿ ಟೊಪ್ಪಿಗೆಯವನು ಬಂದ. ಏನೂ ಇಲ್ಲದ್ದಕ್ಕಿಂತ ಇದೇ ವಾಸಿ ಎಂದುಕೊಂಡಿರಬೇಕು. ನಾನು ನಿಮ್ಮ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದರೆ ಅದೇ ಕಡತದ ತಳದಲ್ಲಿ ನೀವು ಬಳಸದೆ ಬಿಟ್ಟ ಒಂದು ತುಣುಕಿದೆ. ಅದು ಬಾಡಿಗೆಯದಲ್ಲ, ನಿಮ್ಮ ಫೋನಿನದು. ಹಲಗೆಯ ಮೇಲೆ ಹಿಟ್ಟಿನ ಬಿಲ್ಲೆ ಆಗಲೇ ಅರ್ಧ ಅಗಲವಾಗಿದೆ. ಒಬ್ಬ ಹಿರಿಯ ಹೆಂಗಸಿನ ಅಂಗೈ ಅದನ್ನು ಬಡಿಯುತ್ತದೆ, ಬಿಲ್ಲೆ ತಾನಾಗಿ ತಿರುಗುತ್ತದೆ, ಬಡಿದಂತೆ ಹಿಗ್ಗುತ್ತದೆ, ಒಡೆಯುವುದಿಲ್ಲ. ಆ ಸದ್ದು ನಮ್ಮಲ್ಲಿ ಯಾವುದಕ್ಕೂ ಇಲ್ಲ. ನೀವು ಹೇಳುತ್ತೀರಿ: "ಅತ್ತಿ, ಸ್ವಲ್ಪ ಈ ಕಡೆ ನೋಡ್ರಿ." ಅವರು ತಲೆ ಎತ್ತುತ್ತಾರೆ: "ಏ ಹುಚ್ಚಿ, ತಗೀ ಅದನ್ನ. ಈ ಕಾಶವ್ವನ ಕೈ ನೋಡಿ ಯಾರ್ ಬರ್ತಾರ ಉಣ್ಣಾಕ? ಯಾರರ ಚೊಲೋ ಮಂದೀದು ಹಾಕು." ಹಿಟ್ಟು ಹತ್ತಿದ ಅಂಗೈ ದೊಡ್ಡದಾಗುತ್ತ ಬಂದು ಚಿತ್ರವನ್ನು ಮುಚ್ಚುತ್ತದೆ. ಅಲ್ಲಿಗೆ ಮುಗಿಯಿತು.

ಏಳುಕೆರೆಯಲ್ಲಿ ಈಗ ಕಾಶವ್ವನವರ ಕೈಯನ್ನು ಗುರುತಿಸದವರಿಲ್ಲ. ಬೆಳವ ಅವರಂತೆ ಬಡಿಯಲು ಕಲಿತಿದ್ದಾನೆ; ಆದರೂ ಅಂಚು ಬಿರಿಯುತ್ತದೆ, ಎತ್ತಿದರೆ ಮುರಿಯುತ್ತದೆ. ಗುಟ್ಟು ಬಡಿಯುವುದರಲ್ಲಿಲ್ಲ, ಅದಕ್ಕೂ ಮೊದಲಿನ ಯಾವುದೋ ಕೆಲಸದಲ್ಲಿದೆ. ತುಣುಕಿನ ಮೂಲೆಯಲ್ಲಿ ಒಂದು ಪಾತ್ರೆಯಿಂದ ಹಬೆ ಏಳುತ್ತದೆ. ಅದಕ್ಕೂ ಹಿಟ್ಟಿಗೂ ಸಂಬಂಧವಿದೆಯೇ ಎಂದು ಕೇಳಿದರೆ, ಅದು ಸಾರಿನ ಪಾತ್ರೆ, ಹಿಟ್ಟಿಗೂ ಅದಕ್ಕೂ ಏನು ನಂಟು ಎಂದು ಬೆಳವ ನನ್ನ ಬಾಯಿ ಮುಚ್ಚಿಸಿದ. ಇರಬಹುದು. ನನಗೆ ಅಡುಗೆ ತಿಳಿಯದು.

ಲೆಕ್ಕ ತಪ್ಪದಿದ್ದರೆ ಈ ಓಲೆ ನೀವು ಆ ಜಾಹೀರಾತು ಮಾಡಲಿರುವ ದಿನದ ಮುಂಜಾನೆ ನಿಮ್ಮ ಕೈ ಸೇರುತ್ತದೆ. ಬಾಡಿಗೆಯ ಚಿತ್ರ ಬೇಡವೆನ್ನಲು ನಾನು ಯಾರು? ಮಳೆ ಬೇಕಾದರೆ ಬಾಡಿಗೆಯ ಮಳೆ ಹಾಕಿ, ಸೂರ್ಯ ಬೇಕಾದರೆ ಯಾರದೋ ಊರಿನ ಸೂರ್ಯನನ್ನು ತನ್ನಿ, ನಗುವ ಗಿರಾಕಿಗಳನ್ನೂ ಬೇಕಾದಷ್ಟು ತುಂಬಿಕೊಳ್ಳಿ. ನೀವು ಮಾರುವ ಪದಾರ್ಥದ ಚಿತ್ರವೊಂದು ಮಾತ್ರ ನಿಮ್ಮದೇ ಇರಲಿ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಅತ್ತೆಗೆ ಹೇಳದೆ, ಅವರು ಹಿಟ್ಟಿನ ಬುಟ್ಟಿಗೆ ಕೈ ಹಾಕುವ ಮೊದಲೇ ಶುರು ಮಾಡಿ. ಈ ಕಡೆ ನೋಡಿ ಎಂದು ಮಾತ್ರ ಕರೆಯಬೇಡಿ. ನಮಗೆ ಅವರ ಮುಖ ಬೇಡ. ಬೇಡ ಎಂದದ್ದು ಸುಳ್ಳು, ನೋಡುವ ಆಸೆ ಬಹಳ ಇದೆ. ಆದರೆ ಕೈ ಸಾಕು.

ನಾಳೆ ಮುಂಜಾನೆ ನಾನು ನೆರಳುಗೂಡಿನ ಬಾಗಿಲು ತೆಗೆಯುತ್ತೇನೆ. ಬೆಳವ ಹಿಟ್ಟು ಬೀಸಿ ಇಟ್ಟುಕೊಂಡಿದ್ದಾನೆ, ಹಲಗೆ ಹಿಡಿದು ಜೊತೆಗೇ ಬರುತ್ತಾನಂತೆ. ನೀವು ನಮ್ಮ ಮಾತು ಕೇಳಿದಿರೋ ಇಲ್ಲವೋ ತುಣುಕು ಹಚ್ಚಿದ ಕೂಡಲೇ ತಿಳಿಯುತ್ತದೆ. ಕೇಳಿದ್ದರೆ ಗೂಡಿನಲ್ಲಿರುವ ತುಣುಕೂ ಬದಲಾಗಿ, ಹಿಟ್ಟಿನ ಬುಟ್ಟಿಯಿಂದಲೇ ಶುರುವಾಗುತ್ತದೆ. ಕಾಶವ್ವನವರು ಕೊನೆಗೆ ಹೇಗೂ ಬೈಯುತ್ತಾರೆ, ಕೈ ಅಡ್ಡ ಹಿಡಿದೇ ಹಿಡಿಯುತ್ತಾರೆ. ಹಿಡಿಯಲಿ. ಅಷ್ಟರಲ್ಲಿ ನಾವು ಕಲಿತಿರುತ್ತೇವೆ.

ಇಂತಿ,
ಮುಗುಳಿ