ಅರ್ಧ ಇಂಚು ಸಡಿಲ

ಅಪ್ಪಾ,

ಇವತ್ತು ತಮ್ಮನ ಅಂಗಿಗೆ ಅಳತೆ ತೆಗೆಯುವಾಗ ಅವನ ಕಂಕುಳಲ್ಲಿ, ಟೇಪಿನ ಅಡಿಗೆ, ಗಂಟೊಂದು ಸಿಕ್ಕಿತು. "ನೋವಿಲ್ಲ ಕಣೇ, ಬಿಡು," ಅಂದ, ಥೇಟ್ ನಿಮ್ಮ ಹಾಗೆ. ಅಂಗಡಿ ಬಾಗಿಲೆಳೆದು ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಒತ್ತಿ ನೋಡುವಷ್ಟು ಹೊತ್ತೂ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ.

"ಮೆತ್ತಗಿದೆ, ಜಾರುತ್ತೆ. ಕೊಬ್ಬಿನ ಗಂಟಿರಬೇಕು, ಆದ್ರೂ ಸ್ಕ್ಯಾನ್ ಮಾಡ್ಸೋಣ. ನೋವಿಲ್ದೆ, ಗಟ್ಟಿಯಾಗಿ, ಅಲ್ಲಾಡದೆ ಇರೋದಕ್ಕೇ ನಾವು ಹೆದರೋದು," ಅಂದರು.

ತಮ್ಮ ನಕ್ಕ. ನನಗೆ ಆಗಲಿಲ್ಲ.

ನೀವು ತೀರಿಹೋಗುವ ಹಿಂದಿನ ವರ್ಷ ಅಳತೆ ತೆಗೆಯುವಾಗ ನಿಮ್ಮ ಕಂಕುಳಲ್ಲಿ ಸಿಕ್ಕಿದ ಗಂಟು ಗಟ್ಟಿಯಾಗಿತ್ತು, ಅಲ್ಲಾಡುತ್ತಿರಲಿಲ್ಲ. ಅದು ನನ್ನ ಬೆರಳಿಗೆ ಗೊತ್ತಿತ್ತು. ಮೈಗೆ ತಕ್ಕಂತೆ ಬಟ್ಟೆ ಬಿಡಬೇಕೆಂದು ನೀವೇ ಕಲಿಸಿದ್ದಿರಿ. ಗಂಟಿಗೆ ಒತ್ತದಿರಲೆಂದು ನಿಮ್ಮ ಅಂಗಿಯ ಕಂಕುಳನ್ನು ಅರ್ಧ ಇಂಚು ಸಡಿಲ ಮಾಡಿ ಹೊಲಿದೆ.

"ಈಗ ಸರಿಹೋಯ್ತು ನೋಡು," ಎಂದು ನೀವು ಕೈಯೆತ್ತಿ ತೋರಿಸಿದಿರಿ.