ಕುಂಡಗಳ ಜಾಗ

ಹಲಸೂರು
ಫೆಬ್ರವರಿ 1999

ಪ್ರೀತಿಯ ಭವ್ಯ,

ಚೆಂದ ಕಾಣಲಿ ಅಂತ ಭಾನುವಾರ ನೀನು ಜೋಡಿಸಿಟ್ಟು ಹೋದ ಹೂಕುಂಡಗಳನ್ನೆಲ್ಲ ಹಳೇ ಜಾಗಕ್ಕೇ ಎಳೆದಿಟ್ಟಿದ್ದೀನಿ. ಕೋಪ ಮಾಡ್ಕೋಬೇಡ. ಮಾರನೇ ದಿನ ತುಳಸಿ ಅಂತ ಕೈ ಚಾಚಿದರೆ ಗುಲಾಬಿ ಮುಳ್ಳು ಚುಚ್ಚಿತು.

ಬಾಗಿಲ ಪಕ್ಕ ದೊಡ್ಡಪತ್ರೆ, ಆಮೇಲೆ ತುಳಸಿ, ನಲ್ಲಿ ಹತ್ತಿರ ಮರುಗ, ಗೇಟಿಗೆ ಮಲ್ಲಿಗೆ. ವಾಸನೆ ಹಿಡಿದು, ಕಣ್ಣು ಮುಚ್ಕೊಂಡೇ ಓಡಾಡ್ತೀನಿ. ಈಗಿನಿಂದಲೇ ಅಭ್ಯಾಸ ಮಾಡ್ಕೊಳ್ಳಿ ಅಂದರು ಕಣ್ಣಿನ ಡಾಕ್ಟರು. ಅಮ್ಮನಿಗೆ ಹೇಳಬೇಡ.

ಒಳಗೆ ಮೇಜಿನ ಮುಂದೆ ಕಥೆ ಬರೆಯೋಕೆ ಕೂತರೆ ಹೆದರಿಕೆಗೆ ಒಂದು ಸಾಲೂ ಮುಂದೆ ಹೋಗಲ್ಲ. ಗಿಡಗಳ ಮಧ್ಯೆ ಕೂತರೆ ಮಾತ್ರ ಒಂದು ಪುಟ ಮುಗಿಯುತ್ತೆ. ಮರುಗ ಮುಟ್ಟಿದ ಕೈಯಲ್ಲಿ ಬರೆದರೆ ಹಾಳೆಯೂ ಘಮ್ಮನ್ನುತ್ತೆ, ಗೊತ್ತಾ? ಅಷ್ಟು ಹೊತ್ತು ಸುಖವಾಗಿರ್ತೀನಿ, ನಿಜವಾಗ್ಲೂ.

ಬರುವಾಗ ಕೆ.ಆರ್. ಪುರಂ ಸಂತೆಯಿಂದ ಒಂದು ದವನದ ಗಿಡ ತಗೊಂಡು ಬಾ. ಮೆಟ್ಟಿಲ ಹತ್ತಿರ ಯಾವ ವಾಸನೆಯೂ ಇಲ್ಲ. ನಿನ್ನೆ ಅಲ್ಲೇ ಬಿದ್ದೆ. ಮಂಡಿ ತರಚಿದೆ, ಅಷ್ಟೇ.

ಈ ಕಾಗದವನ್ನೂ ತೋಟದಲ್ಲೇ ಕೂತು ಬರೀತಿದ್ದೀನಿ. ಸಂಜೆಯಾಗಿದೆ. ಸಿಕ್ಕ ತಕ್ಷಣ ಫೋನ್ ಮಾಡು. ಪೆನ್ನಿನಲ್ಲಿ ಇಂಕು ಇದೆಯೋ ಮುಗಿದಿದೆಯೋ, ನನಗೆ ಗೊತ್ತಾಗ್ತಿಲ್ಲ.

ನಿನ್ನ ಅಕ್ಕ,
ಸುಗುಣ